482ರಿಂದ ಪಿಆರ್: ಈಗಲೇ ಡೈರೆಕ್ಟ್ ಎಂಟ್ರಿ ಕೇಳಲಾ, ಎರಡು ವರ್ಷ ಕಾಯಲಾ, ಇಲ್ಲ ಜೀಲಾಂಗ್‌ಗೆ ಹೋಗಲಾ?

ಟಾರ್ನೀಟ್‌ವಾಸಿ (2025 ಅಕ್ಟೋಬರ್ 6)

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಬರೀ ಓದಿಕೊಂಡು ಹೋಗುತ್ತಿದ್ದೆ. ಇವತ್ತು ನಿದ್ದೆ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ.

ನಾನು ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ, ಟಾರ್ನೀಟ್ ಅನ್ನುವ ಕಡೆ ಇದ್ದೇನೆ. ಓದಿದ್ದು ವಿಟಿಯುನಲ್ಲಿ ಮೆಕ್ಯಾನಿಕಲ್ ಬಿಇ, ಮಾಡಿದ್ದು ಬೆಂಗಳೂರಿನಲ್ಲಿ 18 ವರ್ಷ ಸಾಫ್ಟ್‌ವೇರ್ ಕೆಲಸ. ಅದೇ ಕಥೆ, ನಿಮಗೆಲ್ಲ ಗೊತ್ತಲ್ಲ. ಒಂದು ಕಂಪನಿ 482 ವೀಸಾ (ಕಂಪನಿ ಸ್ಪಾನ್ಸರ್ ಮಾಡುವ ತಾತ್ಕಾಲಿಕ ಕೆಲಸದ ವೀಸಾ) ಮಾಡಿಸಿ ಕರೆಸಿಕೊಂಡಿತು. 2024ರ ಡಿಸೆಂಬರ್ 16ಕ್ಕೆ ಇಲ್ಲಿ ಕೆಲಸಕ್ಕೆ ಸೇರಿದೆ. ಸಂಬಳ 1.32 ಲಕ್ಷ ಡಾಲರ್. ವೀಸಾದಲ್ಲಿರುವ ಹುದ್ದೆ ಸಾಫ್ಟ್‌ವೇರ್ ಇಂಜಿನಿಯರ್, 261313. ಹೆಂಡತಿ, ಏಳನೇ ಕ್ಲಾಸಿನ ಮಗಳು ಜೊತೆಗಿದ್ದಾರೆ.

ಪಿಆರ್ (ಇಲ್ಲೇ ಕಾಯಂ ಇರುವ ಅನುಮತಿ) ಬಗ್ಗೆ ಎಚ್‌ಆರ್ ಹತ್ತಿರ ಕೇಳಿದೆ. "ಎರಡು ವರ್ಷ ಆಗಲಿ, ಆಮೇಲೆ 186 ಹಾಕೋಣ, ನಮ್ಮಲ್ಲಿ ಎಲ್ಲರಿಗೂ ಹಾಗೇ" ಎಂದರು. 186 ಅಂದರೆ ಕಂಪನಿ ಮೂಲಕ ಸಿಗುವ ಪಿಆರ್ ವೀಸಾ. ಎರಡು ವರ್ಷ ಕೆಲಸ ಮಾಡಿದ ಮೇಲೆ ಹಾಕುವುದು ಟಿಆರ್‌ಟಿ ದಾರಿ, ಕಾಯದೆ ನೇರ ಹಾಕುವುದು ಡೈರೆಕ್ಟ್ ಎಂಟ್ರಿ. ಅವರು ಹೇಳಿದ್ದು ಟಿಆರ್‌ಟಿ. ಸರಿ ಅಂದುಕೊಂಡು ಸುಮ್ಮನಿದ್ದೆ.

ಈಗ ಜೀಲಾಂಗ್‌ನಲ್ಲಿ ಇನ್ನೊಂದು ಕಂಪನಿಯವರು ಕರೆಯುತ್ತಿದ್ದಾರೆ. ಅವರು 494 ಮಾಡಿಸುತ್ತಾರಂತೆ, ಸರ್ಕಾರ ರೀಜನಲ್ ಅಂತ ಗುರುತಿಸಿದ ಪ್ರದೇಶಗಳಿಗೆ ಕೊಡುವ ವೀಸಾ ಅದು. ಐದು ವರ್ಷದ ವೀಸಾ, ಮೂರು ವರ್ಷ ಆದ ಮೇಲೆ 191 ಪಿಆರ್. ಸಂಬಳ ಈಗಿನದಕ್ಕಿಂತ ಸ್ವಲ್ಪ ಕಡಿಮೆ. ಟಾರ್ನೀಟ್‌ನಿಂದ ಟ್ರೈನ್ ಇದೆ, ಮನೆ ಬದಲಾಯಿಸದೆ ಓಡಾಡಬಹುದು ಅಂತ ನನ್ನ ಯೋಚನೆ.

ನನ್ನ ನಿಜವಾದ ತಲೆನೋವು ವಯಸ್ಸು. 45 ತುಂಬುವ ಮುಂಚೆ ಅರ್ಜಿ ಹಾಕಬೇಕು. 2027ರ ಜನವರಿ 9ಕ್ಕೆ ನನಗೆ 45 ತುಂಬುತ್ತೆ. ಎರಡು ವರ್ಷ ಮುಗಿಯುವುದು 2026ರ ಡಿಸೆಂಬರ್ ಮಧ್ಯಕ್ಕೆ. ಅಂದರೆ ಮೂರು ವಾರ ಚಿಲ್ಲರೆ ಕೈಯಲ್ಲಿದೆ. ಸಾಕಾಗುತ್ತಾ? ಇಲ್ಲ ಈಗಲೇ ಡೈರೆಕ್ಟ್ ಎಂಟ್ರಿಗೆ ಪಟ್ಟು ಹಿಡಿಯಬೇಕಾ? ಅನುಭವ ಇರುವವರು ಹೇಳಿ.

ಹಾಸನದ_ಹುಡುಗ (ಅಕ್ಟೋಬರ್ 6)

ಮೂರು ವಾರ ಧಾರಾಳ ಆಯ್ತಲ್ಲ ಅಣ್ಣ. ನಾಮಿನೇಷನ್ (ಈ ಹುದ್ದೆಗೆ ಇವರು ಬೇಕು ಅಂತ ಕಂಪನಿ ಹಾಕುವ ಅರ್ಜಿ) ಅಪ್ರೂವ್ ಆಗುವ ತನಕ ಕಾಯಬೇಕಾಗಿಲ್ಲ. ಕಂಪನಿಯವರು ನಾಮಿನೇಷನ್ ಹಾಕಿದ ದಿನವೇ ನೀವು ವೀಸಾ ಅರ್ಜಿ ಹಾಕಬಹುದು. ಅರ್ಜಿ ಹಾಕಿದ ದಿನದ ವಯಸ್ಸನ್ನೇ ನೋಡುತ್ತಾರೆ. ಆಮೇಲೆ ಒಂದು ವರ್ಷ ತಗೊಂಡರೂ ಚಿಂತೆ ಇಲ್ಲ. ನಾನೂ ಟಿಆರ್‌ಟಿಯಲ್ಲೇ ಮಾಡಿದ್ದು, ಸ್ಕಿಲ್ ಅಸೆಸ್‌ಮೆಂಟ್ (ಓದು, ಅನುಭವದ ಪರಿಶೀಲನೆ) ತಲೆನೋವು ಇರಲಿಲ್ಲ. 2023ರ ನವೆಂಬರ್‌ಗೆ ಮುಂಚೆ ಮೂರು ವರ್ಷ ಕಾಯಬೇಕಿತ್ತು, ನಿಮ್ಮ ಪುಣ್ಯ ಈಗ ಎರಡೇ. ಆರಾಮಾಗಿರಿ.

ಲೆಕ್ಕದ_ಮೇಷ್ಟ್ರು (ಅಕ್ಟೋಬರ್ 6)

ಆರಾಮಾಗಿರಿ ಅನ್ನುವ ಮುಂಚೆ ಒಂದು ಪ್ರಶ್ನೆ. ಟಾರ್ನೀಟ್‌ವಾಸಿಗಳೇ, ಸೇರಿದ ಮೇಲೆ ಊರಿಗೆ ಹೋಗಿದ್ದಿರಾ? ಹೋಗಿದ್ದರೆ ಎಷ್ಟು ದಿನ, ಯಾವ ರಜೆಯಲ್ಲಿ?

ಟಾರ್ನೀಟ್‌ವಾಸಿ (ಅಕ್ಟೋಬರ್ 6)

ಹೋಗಿದ್ದೆ ಸರ್. ಮೇ ತಿಂಗಳಲ್ಲಿ ಅಮ್ಮನಿಗೆ ಮಂಡಿ ಆಪರೇಷನ್ ಆಯ್ತು. ಆಗಿನ್ನೂ ರಜೆ ಜಾಸ್ತಿ ಸೇರಿರಲಿಲ್ಲ, ಏಳೆಂಟು ದಿನ ಇತ್ತು ಅಷ್ಟೇ. ಉಳಿದಿದ್ದು ಸಂಬಳ ಇಲ್ಲದ ರಜೆ, ಐದು ವಾರ. ಮ್ಯಾನೇಜರ್ ಒಳ್ಳೆಯವರು, ಒಂದು ಮಾತೂ ಆಡದೆ ಕೊಟ್ಟರು. ಯಾಕೆ ಕೇಳಿದ್ರಿ?

ಲೆಕ್ಕದ_ಮೇಷ್ಟ್ರು (ಅಕ್ಟೋಬರ್ 7)

ಯಾಕೆ ಅಂದರೆ ಟಿಆರ್‌ಟಿಯ ಎರಡು ವರ್ಷದ ಲೆಕ್ಕದಲ್ಲಿ ಸಂಬಳವಿಲ್ಲದ ರಜೆ ಸೇರುವುದಿಲ್ಲ. ಯಾವುದೋ ಆಫೀಸರು ಮನಸ್ಸಿಗೆ ಬಂದ ಹಾಗೆ ಮಾಡುವುದಲ್ಲ ಇದು, ನಿಯಮದಲ್ಲೇ ಹಾಗಿದೆ. ಸಂಬಳದ ರಜೆ ಸೇರುತ್ತೆ, ಸಂಬಳವಿಲ್ಲದ್ದು ಸೇರಲ್ಲ.

ಈಗ ಲೆಕ್ಕ ಹಾಕಿ. ಡಿಸೆಂಬರ್ 16ಕ್ಕೆ 35 ದಿನ ಸೇರಿಸಿ. ಜನವರಿ 20. ನಿಮ್ಮ ಹುಟ್ಟಿದ ದಿನ ಜನವರಿ 9. ಹನ್ನೊಂದು ದಿನ ತಡ.

ಇನ್ನೂ ಒಂದು. ನಿಮ್ಮ ಕಂಪನಿ ಕ್ರಿಸ್ಮಸ್‌ಗೆ ಬಾಗಿಲು ಹಾಕುತ್ತಾ? ಆಗ ನಿಮ್ಮ ಖಾತೆಯಲ್ಲಿ ರಜೆ ಇಲ್ಲದಿದ್ದರೆ ಆ ದಿನಗಳೂ ಸಂಬಳವಿಲ್ಲದ್ದೇ. ಮೊದಲನೇ ವಾರವೇ ಅದು ಆಗಿರಬೇಕಲ್ಲ ನಿಮಗೆ, ಡಿಸೆಂಬರ್ 16ಕ್ಕೆ ಸೇರಿದವರು ನೀವು. 2024ರ ಡಿಸೆಂಬರ್, 2025ರ ಜನವರಿಯ ಪೇಸ್ಲಿಪ್ ತೆಗೆದು ನೋಡಿ.

ಟಾರ್ನೀಟ್‌ವಾಸಿ (ಅಕ್ಟೋಬರ್ 7)

ನೋಡಿದೆ. ಆರು ದಿನ ಅಲ್ಲೂ ಹೋಗಿದೆ.

ಸರ್, ನನಗೆ ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ಹತ್ತು ತಿಂಗಳಿಂದ ಫ್ರಿಜ್ ಮೇಲೆ ಕ್ಯಾಲೆಂಡರ್ ಅಂಟಿಸಿಕೊಂಡು ಡಿಸೆಂಬರ್ 16ಕ್ಕೆ ಕೆಂಪು ಗುರುತು ಹಾಕಿದ್ದೆ. ಎಚ್‌ಆರ್‌ನವರು ಕೂಡ ಇದನ್ನು ಹೇಳಲಿಲ್ಲ.

ಹಾಸನದ_ಹುಡುಗ (ಅಕ್ಟೋಬರ್ 7)

ಅಯ್ಯೋ ಅಣ್ಣ. ನನ್ನ ಮಾತು ವಾಪಸ್ ತಗೊಂಡೆ. ನನಗೆ ಆಗ 33, ಹಾಗಾಗಿ ಈ ದಿನದ ಲೆಕ್ಕ ನನ್ನ ತಲೆಗೇ ಬರಲಿಲ್ಲ.

45 ದಾಟಿದವರಿಗೂ ವಿನಾಯಿತಿ ಇದೆಯಲ್ವಾ, ಸಂಬಳ ಜಾಸ್ತಿ ಇದ್ದವರಿಗೆ?

ಲೆಕ್ಕದ_ಮೇಷ್ಟ್ರು (ಅಕ್ಟೋಬರ್ 7)

ಇದೆ. ಆದರೆ ಆ ಗೆರೆ 2025ರ ಜುಲೈಯಿಂದ 1,83,100 ಡಾಲರ್. ಅದಕ್ಕೆ ಮುಂಚೆ 1,75,000 ಇತ್ತು. ಪ್ರತಿ ಜುಲೈಗೂ ಮೇಲೆ ಹೋಗುತ್ತೆ. ಇವರ 1.32 ಲಕ್ಷಕ್ಕೆ ಅದು ಎಟಕುವುದಿಲ್ಲ. ಬಿಡಿ.

ಪಾಯಿಂಟ್ಸ್ ದಾರಿಯನ್ನೂ (ವಯಸ್ಸು, ಓದು, ಅನುಭವಕ್ಕೆ ಅಂಕ ಕೊಟ್ಟು ಕರೆಯುವುದು) ಯಾರಾದರೂ ಹೇಳುವ ಮುಂಚೆ ನಾನೇ ಹೇಳಿಬಿಡುತ್ತೇನೆ. 40ರಿಂದ 44ರವರೆಗೆ ವಯಸ್ಸಿಗೆ ಸಿಗುವುದು 15 ಪಾಯಿಂಟ್. ಕನಿಷ್ಠ 65 ಅಂತ ಕಾಗದದಲ್ಲಿ ಇದ್ದರೂ ಐಟಿಯವರನ್ನು 65ಕ್ಕೆ ಯಾರೂ ಕರೆಯುವುದಿಲ್ಲ. ಅರ್ಜಿ ಹಾಕಿಟ್ಟರೆ ನಷ್ಟ ಇಲ್ಲ, ಅದನ್ನೇ ನಂಬಿಕೊಂಡು ಕೂತರೆ ನಷ್ಟ.

ಕುಡ್ಲದ_ನರ್ಸ್ (ಅಕ್ಟೋಬರ್ 7)

ನಾನು 494ರಿಂದ 191 ಮಾಡಿದವಳು, ಅದರ ಬಗ್ಗೆ ಹೇಳುತ್ತೇನೆ. ಇಲ್ಲಿ ಎಲ್ಲರೂ 494 ಅಂದರೆ ಎರಡನೇ ದರ್ಜೆ ಅಂತ ಮೂಗು ಮುರಿಯುತ್ತಾರೆ, ನನಗದು ಸರಿ ಕಾಣುವುದಿಲ್ಲ.

ನಾನು ವಿಕ್ಟೋರಿಯಾದಲ್ಲಿ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ಸೇರಿದ್ದು. ಮೂರು ವರ್ಷ ಅಲ್ಲೇ ಇದ್ದೆ. 191 ಹಾಕುವಾಗ ಕೇಳಿದ್ದು ಮೂರು ವರ್ಷದ ಟ್ಯಾಕ್ಸ್ ಅಸೆಸ್‌ಮೆಂಟ್ ಮತ್ತು ಆ ಪ್ರದೇಶದಲ್ಲೇ ವಾಸವಿದ್ದೆ ಅನ್ನುವುದಕ್ಕೆ ದಾಖಲೆ. ಬಾಡಿಗೆ ಕರಾರು, ಕರೆಂಟ್ ಬಿಲ್ಲು, ಇಂಥದ್ದು. ಆಸ್ಪತ್ರೆಯವರ ಸಹಿ ಬೇಕಾಗಲೇ ಇಲ್ಲ! ಅವರು ಮತ್ತೆ ನಾಮಿನೇಟ್ ಮಾಡಬೇಕಾಗಿಲ್ಲ. ವಯಸ್ಸಿನ ಮಿತಿಯೂ ಇಲ್ಲ. 494 ಹಾಕುವಾಗ 45 ಆಗಿರಬಾರದು ಅಷ್ಟೇ. ಆಮೇಲೆ 191ಕ್ಕೆ 48 ಆದರೂ ಕೇಳುವವರಿಲ್ಲ. ಮ್ಯಾನೇಜರ್ ಬದಲಾದರು, ಹೊಸಬರಿಗೆ ನನ್ನ ಮುಖ ಕಂಡರಾಗುತ್ತಿರಲಿಲ್ಲ, ಆದರೂ ನನ್ನ ಪಿಆರ್ ಅವರ ಕೈಯಲ್ಲಿ ಇರಲಿಲ್ಲ. ಆ ನೆಮ್ಮದಿ ಏನು ಅಂತ ಇಲ್ಲಿ ಟಿಆರ್‌ಟಿಗೆ ಕಾಯುತ್ತಿರುವವರನ್ನು ಕೇಳಿ.

ಆದರೆ ಅಣ್ಣ, ನೀವು ಒಂದು ತಪ್ಪು ತಿಳಿದುಕೊಂಡಿದ್ದೀರಿ. ಟಾರ್ನೀಟ್‌ನಿಂದ ಓಡಾಡುವ ಹಾಗಿಲ್ಲ. ಜೀಲಾಂಗ್ ರೀಜನಲ್ ಹೌದು. ಟಾರ್ನೀಟ್ ಮೆಲ್ಬರ್ನ್ ಲೆಕ್ಕ. 494ರಲ್ಲಿ ಕೆಲಸ ಮಾತ್ರ ಅಲ್ಲ, ವಾಸ, ಓದು ಎಲ್ಲ ರೀಜನಲ್‌ನಲ್ಲೇ ಇರಬೇಕು. ಹೆಂಡತಿ, ಮಗಳಿಗೂ ಅದೇ ಷರತ್ತು. ಮನೆ, ಮಗಳ ಸ್ಕೂಲು ಎರಡೂ ಬದಲಾಗಬೇಕು.

ಟಾರ್ನೀಟ್‌ವಾಸಿ (ಅಕ್ಟೋಬರ್ 7)

ಅಕ್ಕ, ತುಂಬ ಥ್ಯಾಂಕ್ಸ್. ಓಡಾಡುವ ಹಾಗಿಲ್ಲ ಅನ್ನುವುದು ಗೊತ್ತಿರಲಿಲ್ಲ. ಮಗಳು ಬೆಂಗಳೂರಿನ ಸ್ಕೂಲು ಬಿಟ್ಟು ಬಂದು ಈಗಷ್ಟೇ ಇಲ್ಲಿ ಇಬ್ಬರು ಗೆಳತಿಯರನ್ನು ಮಾಡಿಕೊಂಡಿದ್ದಾಳೆ. ಅವಳಿಗೆ ಹೇಗೆ ಹೇಳುವುದು ಅಂತ ಯೋಚನೆ. ಆದರೆ ಪಿಆರ್ ಸಿಗುವುದಾದರೆ ಅದೂ ಆಗಲಿ.

ಡಬಲ್_ಶಿಫ್ಟ್ (ಅಕ್ಟೋಬರ್ 8)

ನಿಲ್ಲಿ ನಿಲ್ಲಿ. 494ಕ್ಕೆ ಹಾರುವ ಮುಂಚೆ ಇದನ್ನೂ ಕೇಳಿ. ಒಂದು ಸಲ 494 ಕೈಗೆ ಬಂದರೆ ಮೂರು ವರ್ಷ ಆಗುವ ತನಕ 186, ಪಾಯಿಂಟ್ಸ್ ದಾರಿಯ 189, 190 ಯಾವುದೂ ನಿಮಗೆ ಸಿಗುವುದಿಲ್ಲ. ನನ್ನ ಗೆಳೆಯನೊಬ್ಬ ಹೀಗೇ ಸಿಕ್ಕಿಕೊಂಡ. ಅಡಿಲೇಡ್‌ನಲ್ಲಿ 494 ತಗೊಂಡ, ಒಂದೂವರೆ ವರ್ಷಕ್ಕೆ ಮೆಲ್ಬರ್ನಿನಲ್ಲಿ ದೊಡ್ಡ ಕಂಪನಿಯವರು ನೇರ 186 ಕೊಡುತ್ತೇವೆ ಅಂದರು. ಆಗಲ್ಲ ಅಂತ ಆಮೇಲೆ ಗೊತ್ತಾಯ್ತು. ಬಾಯಿಗೆ ಬಂದ ತುತ್ತು.

ನಿಮ್ಮ ವಿಷಯದಲ್ಲಿ 45ರ ಗಡಿ ಇರುವುದರಿಂದ 494 ತಗೊಂಡ ಮೇಲೆ ಹಿಂದಕ್ಕೆ ಬರುವ ದಾರಿಯೇ ಇರುವುದಿಲ್ಲ. ಜೀಲಾಂಗ್ ಕಂಪನಿ ಗಟ್ಟಿ ಇದೆಯಾ? ಎಷ್ಟು ವರ್ಷದಿಂದ ಇದೆ, ಎಷ್ಟು ಜನ ಇದ್ದಾರೆ, ಮುಂಚೆ ಯಾರಿಗಾದರೂ ಸ್ಪಾನ್ಸರ್ ಮಾಡಿದ್ದಾರಾ?

ಜೆರ್ಸಿ_ಗೌಡ (ಅಕ್ಟೋಬರ್ 8)

ನ್ಯೂಜೆರ್ಸಿಯಿಂದ ಬರೆಯುತ್ತಿದ್ದೇನೆ. ನಿಮ್ಮ ಚರ್ಚೆ ಓದಿ ಹೊಟ್ಟೆ ಉರಿಯುತ್ತಿದೆ. ಎರಡು ವರ್ಷ, ಮೂರು ವರ್ಷ ಅಂತ ಜಗಳ ಆಡುತ್ತಿದ್ದೀರಿ. ಇಲ್ಲಿ ಇಬಿ-2 ಅನ್ನುವ ಗ್ರೀನ್ ಕಾರ್ಡ್ ವಿಭಾಗದಲ್ಲಿ ಭಾರತದವರ ಸಾಲು ಈ 2025ರ ಅಕ್ಟೋಬರಿಗೆ 2013ರಲ್ಲಿ ಅರ್ಜಿ ಹಾಕಿದವರ ಹತ್ತಿರ ಬಂದು ನಿಂತಿದೆ. ಒಂದು ದೇಶಕ್ಕೆ ಶೇ. 7 ಅನ್ನುವ ಮಿತಿಯಿಂದ ಹೀಗೆ. ವಯಸ್ಸಿನ ಗಡಿ ನಮಗಿಲ್ಲ ನಿಜ. ಮಕ್ಕಳಿಗೆ 21 ಆದರೆ ಮಾತ್ರ ಅವರು ನಮ್ಮ ಅರ್ಜಿಯಿಂದ ಉದುರಿಹೋಗುತ್ತಾರೆ. ಸುಮ್ನೆ ಹೇಳಿದೆ, ಮುಂದುವರಿಸಿ.

ಎಚ್‌ಆರ್_ಮೇಡಂ (ಅಕ್ಟೋಬರ್ 8)

ನಾನು ಮೆಲ್ಬರ್ನಿನಲ್ಲೇ ಒಂದು ಕಂಪನಿಯಲ್ಲಿ ಎಚ್‌ಆರ್ ಕೆಲಸ ಮಾಡುತ್ತೇನೆ, ಸ್ಪಾನ್ಸರ್‌ಶಿಪ್ ಫೈಲುಗಳು ನನ್ನ ಟೇಬಲ್ ಮೇಲೆ ಬರುತ್ತವೆ. ನಮ್ಮ ಕಡೆಯವರು ಏನು ಯೋಚಿಸುತ್ತಾರೆ ಅಂತ ಬಿಚ್ಚಿ ಹೇಳುತ್ತೇನೆ, ಯಾರೂ ಬೈಯಬೇಡಿ.

ನಿಮ್ಮ ಕಂಪನಿ ವರ್ಷಕ್ಕೆ ಒಂದು ಕೋಟಿ ಡಾಲರಿಗಿಂತ ಜಾಸ್ತಿ ವ್ಯವಹಾರ ಮಾಡುತ್ತಿದ್ದರೆ, ನಾಲ್ಕು ವರ್ಷದ 482ಕ್ಕೆ ಟ್ರೈನಿಂಗ್ ಲೆವಿ (ಸರ್ಕಾರಕ್ಕೆ ಕಟ್ಟುವ ಶುಲ್ಕ) ಅಂತ ಮೊದಲೇ 7,200 ಡಾಲರ್ ಕಟ್ಟಿರುತ್ತಾರೆ. ವರ್ಷಕ್ಕೆ 1,800ರ ಹಾಗೆ. ಈಗ ಒಂದೇ ವರ್ಷದೊಳಗೆ 186 ಅಂದರೆ ಮತ್ತೆ 5,000 ಲೆವಿ, ಮೇಲೆ ನಾಮಿನೇಷನ್ ಫೀ 540. ಹಳೆಯ 7,200ರಲ್ಲಿ ಉಳಿದ ವರ್ಷಗಳ ದುಡ್ಡು ಹೋಯ್ತಲ್ಲ ಅಂತ ಫೈನಾನ್ಸ್‌ನವರಿಗೆ ಸಂಕಟ. ಅದಕ್ಕಿಂತ ದೊಡ್ಡ ಭಯ, ಪಿಆರ್ ಸಿಕ್ಕ ಮರುದಿನ ಹಾರಿ ಹೋಗುತ್ತಾರೆ ಅನ್ನುವುದು. "ಎರಡು ವರ್ಷ ಆಗಲಿ" ಅನ್ನುವುದು ಕಾನೂನಲ್ಲ, ಕಂಪನಿಯ ರೂಢಿ ಅಷ್ಟೇ.

ನೀವು ಹೋಗಿ "ನನಗೆ ಕಷ್ಟ ಇದೆ, ದಯವಿಟ್ಟು ಬೇಗ ಮಾಡಿ" ಅಂದರೆ ಕೆಲಸ ಆಗಲ್ಲ. ಎಲ್ಲರೂ ಹಾಗೇ ಹೇಳುತ್ತಾರೆ. ತಾರೀಕು ತೋರಿಸಿ. ಒಂದು ಪುಟ ಸಾಕು. ಟಿಆರ್‌ಟಿಗೆ ಅರ್ಹತೆ ಬರುವ ದಿನ ಇದು, 45 ತುಂಬುವ ದಿನ ಇದು, ಆದ್ದರಿಂದ ನನಗೆ ಟಿಆರ್‌ಟಿ ಅನ್ನುವ ದಾರಿಯೇ ಇಲ್ಲ. ಕಂಪನಿಗೆ ಆಗುವ 186 ಖರ್ಚು ಡೈರೆಕ್ಟ್ ಎಂಟ್ರಿಗೂ ಟಿಆರ್‌ಟಿಗೂ ಒಂದೇ, ಇವತ್ತು ಕಟ್ಟಿದರೂ 2027ರಲ್ಲಿ ಕಟ್ಟಿದರೂ ಅಷ್ಟೇ. ಇದನ್ನು ಬರೆಯಿರಿ. ನಿಮ್ಮ ಮ್ಯಾನೇಜರ್ ಒಳ್ಳೆಯವರು ಅಂದ್ರಲ್ಲ, ಮೊದಲು ಅವರಿಗೆ ಕೊಡಿ, ಎಚ್‌ಆರ್‌ಗೆ ಅವರಿಂದ ಬರಲಿ. ನನ್ನ ಅನುಭವದಲ್ಲಿ "ಈತ ಹೋದರೆ ನನ್ನ ಪ್ರಾಜೆಕ್ಟ್ ನಿಲ್ಲುತ್ತೆ" ಅಂತ ಮ್ಯಾನೇಜರ್ ಒಂದು ಸಾಲು ಬರೆದರೆ ಹತ್ತು ಮೀಟಿಂಗ್ ಉಳಿಯುತ್ತೆ.

ಇನ್ನೊಂದು ವಿಷಯ. ಆ ಲೆವಿಯನ್ನು ನಿಮ್ಮಿಂದ ವಸೂಲಿ ಮಾಡುವ ಹಾಗಿಲ್ಲ. "ನೀವೇ ಕಟ್ಟಿಬಿಡಿ, ಮಾಡಿಸಿಕೊಡುತ್ತೇವೆ" ಅಂದರೆ ಒಪ್ಪಬೇಡಿ. ನಿಮ್ಮ ವೀಸಾ ಫೀ, ಅಸೆಸ್‌ಮೆಂಟ್ ಫೀ ನೀವು ಕಟ್ಟಬಹುದು, ಅದು ಬೇರೆ.

ಡಬಲ್_ಶಿಫ್ಟ್ (ಅಕ್ಟೋಬರ್ 8)

ಮೇಡಂ ಲೆವಿ ವಿಷಯ ಎತ್ತಿದ್ದು ಒಳ್ಳೆಯದಾಯಿತು. ನಾನು ಈ ದೇಶಕ್ಕೆ ಬಂದ ಹೊಸದರಲ್ಲಿ ಒಂದು ಹೋಟೆಲಿನವನು ಸ್ಪಾನ್ಸರ್ ಮಾಡಲು 40 ಸಾವಿರ ಡಾಲರ್ ಕೇಳಿದ್ದ, ಕಂತಿನಲ್ಲಿ ಕೊಡು ಅಂತ. ಭಾರತದವನೇ. ನಗುನಗುತ್ತಲೇ ಕೇಳಿದ, ಕಾಫಿ ಬೇರೆ ಕೊಡಿಸಿದ. ಅಪ್ಪನ ಅಡಿಕೆ ತೋಟ ಮಾರಿ ಕೊಡುವ ಯೋಚನೆಯೂ ಒಂದು ರಾತ್ರಿ ಬಂದಿತ್ತು, ಸುಳ್ಳು ಹೇಳಲ್ಲ. ಸ್ಪಾನ್ಸರ್‌ಶಿಪ್‌ಗೆ ದುಡ್ಡು ಕೇಳುವುದು 2015ರ ಡಿಸೆಂಬರಿನಿಂದ ಇಲ್ಲಿ ಅಪರಾಧ. ಕೊಟ್ಟವನೂ ಸಿಕ್ಕಿಬೀಳುತ್ತಾನೆ, ವೀಸಾ ರದ್ದಾಗಬಹುದು. ಇದನ್ನು ಓದುತ್ತಿರುವ ಹುಡುಗರಿಗೆ ಹೇಳುತ್ತಿದ್ದೇನೆ.

ಟಾರ್ನೀಟ್‌ವಾಸಿ (ಅಕ್ಟೋಬರ್ 9)

ಮೇಡಂ, ನಿಮ್ಮ ಪೋಸ್ಟ್ ಅನ್ನು ಮೂರು ಸಲ ಓದಿದೆ. ಒಂದು ಪುಟ ಬರೆಯುತ್ತಿದ್ದೇನೆ.

ಆದರೆ ಡೈರೆಕ್ಟ್ ಎಂಟ್ರಿಗೆ ಸ್ಕಿಲ್ ಅಸೆಸ್‌ಮೆಂಟ್ ಬೇಕಲ್ಲ. ನನ್ನದು ಮೆಕ್ಯಾನಿಕಲ್ ಡಿಗ್ರಿ. ಐಟಿ ಹುದ್ದೆಗಳಿಗೆ ಅಸೆಸ್‌ಮೆಂಟ್ ಮಾಡುವ ಎಸಿಎಸ್‌ನವರು ಒಪ್ಪುತ್ತಾರಾ? ಅದಕ್ಕೇ ನಾನು ಇಷ್ಟು ದಿನ ಟಿಆರ್‌ಟಿಯೇ ವಾಸಿ ಅಂದುಕೊಂಡಿದ್ದು.

ತಿಪಟೂರಿನ_ತೆಂಗು (ಅಕ್ಟೋಬರ್ 9)

ನಾನು ಸಿವಿಲ್ ಇಂಜಿನಿಯರ್, ಎಸಿಎಸ್ ಪಾಸಾಗಿದೆ. ಹೆದರಬೇಡಿ. ಡಿಗ್ರಿ ಐಟಿ ಅಲ್ಲದಿದ್ದರೆ ಆರ್‌ಪಿಎಲ್ ಅಂತ ಒಂದು ವರದಿ ಬರೆಯಬೇಕು. ಎರಡು ಪ್ರಾಜೆಕ್ಟ್‌ಗಳ ಬಗ್ಗೆ ವಿವರವಾಗಿ, ನೀವೇ ಏನು ಮಾಡಿದಿರಿ, ಯಾಕೆ ಹಾಗೆ ಮಾಡಿದಿರಿ ಅಂತ. ಅನುಭವದಲ್ಲಿ ಒಂದಷ್ಟು ವರ್ಷ ಕತ್ತರಿಸುತ್ತಾರೆ. 18 ವರ್ಷ ಇರುವವರಿಗೆ ಕತ್ತರಿಸಿದರೂ ಬೇಕಾದಷ್ಟು ಉಳಿಯುತ್ತೆ, ಡೈರೆಕ್ಟ್ ಎಂಟ್ರಿಗೆ ಕೇಳುವುದು ಮೂರೇ ವರ್ಷ. ವರದಿಯನ್ನು ಮಾತ್ರ ಬೇರೆಯವರ ಹತ್ತಿರ ಬರೆಸಬೇಡಿ, ಎಲ್ಲಿಂದಲೋ ಎತ್ತಿ ಅಂಟಿಸಬೇಡಿ. ಹಾಗೆ ಮಾಡಿದ್ದನ್ನು ಅವರು ಹಿಡಿಯುತ್ತಾರೆ.

ನಿಜವಾದ ತಾಪತ್ರಯ ಬೆಂಗಳೂರಿನ ಹಳೆಯ ಕಂಪನಿಗಳಿಂದ ಪತ್ರ ತರಿಸುವುದು. ನಮ್ಮವರು ಕೊಡುವುದು ರಿಲೀವಿಂಗ್ ಲೆಟರ್. "ಈ ತಾರೀಕಿನಿಂದ ಈ ತಾರೀಕಿನವರೆಗೆ ಇದ್ದರು, ಒಳ್ಳೆಯದಾಗಲಿ" ಅಷ್ಟೇ. ಇವರಿಗೆ ಬೇಕಾಗಿರುವುದು ನೀವು ದಿನಾ ಏನು ಕೆಲಸ ಮಾಡುತ್ತಿದ್ದಿರಿ ಅನ್ನುವ ಪಟ್ಟಿ, ಲೆಟರ್‌ಹೆಡ್ ಮೇಲೆ. ನನ್ನ ಮೊದಲನೇ ಕಂಪನಿ ಮುಚ್ಚಿಯೇ ಹೋಗಿತ್ತು, ಕೋರಮಂಗಲದಲ್ಲಿ ಅದಿದ್ದ ಕಟ್ಟಡದಲ್ಲಿ ಈಗ ಬಿರಿಯಾನಿ ಹೋಟೆಲ್ ಇದೆ. ಆಗಿನ ಟೀಮ್ ಲೀಡ್ ಒಬ್ಬರನ್ನು ಹುಡುಕಿ, ಅವರಿಂದ ಪ್ರಮಾಣಪತ್ರ ಮಾಡಿಸಿ, ಜೊತೆಗೆ ಫಾರ್ಮ್ 16, ಪಿಎಫ್ ಸ್ಟೇಟ್‌ಮೆಂಟ್, ಬ್ಯಾಂಕಿನಲ್ಲಿ ಸಂಬಳ ಬಿದ್ದ ಪುಟ ಎಲ್ಲ ಇಟ್ಟೆ. ಒಪ್ಪಿದರು.

ಇವತ್ತೇ ಶುರು ಮಾಡಿ, ಕಂಪನಿ ಹೂಂ ಅನ್ನುವ ತನಕ ಕಾಯಬೇಡಿ. ಡೈರೆಕ್ಟ್ ಎಂಟ್ರಿ ಅರ್ಜಿ ಹಾಕುವ ದಿನ ಅಸೆಸ್‌ಮೆಂಟ್ ಕೈಯಲ್ಲಿರಬೇಕು. ಐಇಎಲ್‌ಟಿಎಸ್ ಅಥವಾ ಪಿಟಿಇ, ಅಂದರೆ ಇಂಗ್ಲಿಷ್ ಪರೀಕ್ಷೆ ಕೂಡ. ಐಇಎಲ್‌ಟಿಎಸ್ ಆದರೆ ನಾಲ್ಕರಲ್ಲೂ 6.

ಹಾಸನದ_ಹುಡುಗ (ಅಕ್ಟೋಬರ್ 9)

ಇದಕ್ಕೆ ನಾನೂ ಒಂದು ಸೇರಿಸುತ್ತೇನೆ, ಮೊದಲಿನ ತಪ್ಪಿಗೆ ಪ್ರಾಯಶ್ಚಿತ್ತ. ಹೆಂಡತಿಯ ಇಂಗ್ಲಿಷ್ ಮರೆಯಬೇಡಿ. ಅವರದ್ದು ಇಂಗ್ಲಿಷ್ ಮೀಡಿಯಂ ಡಿಗ್ರಿ ಆಗಿದ್ದರೆ ಕಾಲೇಜಿನಿಂದ ಒಂದು ಪತ್ರ ತರಿಸಿದರೆ ಸಾಕು. ಅದೂ ಇಲ್ಲ, ಪರೀಕ್ಷೆಯೂ ಬರೆಯಲಿಲ್ಲ ಅಂದರೆ ಕೊನೆಯಲ್ಲಿ 4,800 ಡಾಲರಿಗಿಂತ ಜಾಸ್ತಿ ಎರಡನೇ ಕಂತು ಕೇಳುತ್ತಾರೆ. ನಿಮ್ಮದೇ ಫೀ 2025ರ ಜುಲೈಯಿಂದ 4,910. ಮೂರು ಜನಕ್ಕೆ ಸೇರಿ 8,500 ದಾಟುತ್ತೆ. ಅದರ ಮೇಲೆ ಇದೂ ಬೇಕಾ?

ಒಳ್ಳೆಯ ಸುದ್ದಿ: 186 ಅರ್ಜಿ ಹಾಕಿದ ಮೇಲೆ ಮೆಡಿಕೇರ್‌ಗೆ (ಇಲ್ಲಿನ ಸರ್ಕಾರಿ ಆರೋಗ್ಯ ಯೋಜನೆ) ಸೇರಬಹುದು. ಪಿಆರ್ ಬರುವ ತನಕ ಕಾಯಬೇಕಾಗಿಲ್ಲ. ನಮ್ಮ ದೇಶಕ್ಕೂ ಇವರಿಗೂ ಆಸ್ಪತ್ರೆ ಒಪ್ಪಂದ ಇಲ್ಲದ್ದರಿಂದ ಈಗ ಪ್ರೈವೇಟ್ ಇನ್ಶೂರೆನ್ಸ್ ಕಟ್ಟುತ್ತಿದ್ದೀರಲ್ಲ, ಆ ಭಾರ ಇಳಿಯುತ್ತೆ.

ಬಿದಿರು_ಬುಟ್ಟಿ (ಅಕ್ಟೋಬರ್ 10)

ಎಲ್ಲರೂ ಡೈರೆಕ್ಟ್ ಎಂಟ್ರಿ ಅನ್ನುತ್ತಿದ್ದೀರಿ, ಅದರ ಅಪಾಯ ಯಾರೂ ಹೇಳಲಿಲ್ಲ. 186 ಅರ್ಜಿ ಆ ಕಂಪನಿಯ ನಾಮಿನೇಷನ್‌ಗೆ ಕಟ್ಟಿಹಾಕಿದ ಹಾಗೆ. ಅರ್ಜಿ ಹಾಕಿ, ಅದು ಬರುವ ಮುಂಚೆ ಕೆಲಸ ಹೋದರೆ ಅರ್ಜಿಯೂ ಹೋಯಿತು. ಇನ್ನೊಂದು ಕಂಪನಿ ಸಿಕ್ಕರೂ ಹೊಸ ನಾಮಿನೇಷನ್, ಹೊಸ ಅರ್ಜಿ, ಹೊಸ ಫೀ. ಅಷ್ಟರಲ್ಲಿ ಇವರಿಗೆ 45 ಆದರೆ?

ನನಗೆ 2023ರಲ್ಲಿ ಆಗಿದ್ದು ಹೇಳುತ್ತೇನೆ. ಟಿಆರ್‌ಟಿಗೆ ಎರಡೇ ತಿಂಗಳು ಬಾಕಿ. ಒಂದು ಸೋಮವಾರ ಬೆಳಿಗ್ಗೆ ಹದಿನೈದು ನಿಮಿಷದ ಮೀಟಿಂಗ್ ಕರೆದರು, ಹನ್ನೆರಡು ಜನರನ್ನು ತೆಗೆದರು. ಆಗಿನ ನಿಯಮದಲ್ಲಿ ಹೊಸ ಕೆಲಸ ಹುಡುಕಲು 60 ದಿನ. ಸಿಕ್ಕಿತು, ಆದರೆ ಟಿಆರ್‌ಟಿ ಗಡಿಯಾರ ಮತ್ತೆ ಸೊನ್ನೆಯಿಂದ. ಹೊಸ ಕಂಪನಿಯ ಎಚ್‌ಆರ್ ಅದನ್ನು ಎಷ್ಟು ತಣ್ಣಗೆ ಹೇಳಿದರು ಅಂದರೆ, ಪಾರ್ಕಿಂಗ್ ಜಾಗ ಇಲ್ಲ ಅಂತ ಹೇಳಿದ ಹಾಗೆ.

ಈಗ ಪರಿಸ್ಥಿತಿ ಸುಧಾರಿಸಿದೆ, ಅದನ್ನು ಒಪ್ಪುತ್ತೇನೆ. 2024ರ ಜುಲೈಯಿಂದ ಕೆಲಸ ಹುಡುಕಲು 180 ದಿನ ಕೊಡುತ್ತಾರೆ. 2024ರ ಡಿಸೆಂಬರ್ 7ರಿಂದ ಬೇರೆ ಬೇರೆ ಸ್ಪಾನ್ಸರ್‌ಗಳ ಹತ್ತಿರ ಮಾಡಿದ ಕೆಲಸವೂ ಎರಡು ವರ್ಷದ ಲೆಕ್ಕಕ್ಕೆ ಸೇರುತ್ತೆ. ಅದು ನನ್ನ ಕಾಲದಲ್ಲಿ ಇದ್ದಿದ್ದರೆ ಅಂತ ಈಗಲೂ ಅನ್ನಿಸುತ್ತೆ.

ಲೆಕ್ಕದ_ಮೇಷ್ಟ್ರು (ಅಕ್ಟೋಬರ್ 10)

ಬಿದಿರುಬುಟ್ಟಿಯವರೇ, ನಿಮ್ಮ ಮಾತು ನಿಜ. ಆದರೆ ಆ ಅಪಾಯ ಡೈರೆಕ್ಟ್ ಎಂಟ್ರಿಯದ್ದಲ್ಲ, ಕಾಯುವುದರದ್ದು. ಕಂಪನಿಯ ಮನಸ್ಸು, ಕಂಪನಿಯ ಲಾಭ, ಆ ಒಳ್ಳೆಯ ಮ್ಯಾನೇಜರ್, ಇವೆಲ್ಲ ಇವತ್ತು ಇರುವ ಹಾಗೆ 2026ರ ಡಿಸೆಂಬರಿನಲ್ಲಿ ಇರುತ್ತವೆ ಅಂತ ಯಾರು ಬರೆದುಕೊಟ್ಟಿದ್ದಾರೆ? ಹಣ್ಣಾದ ದಿನ ಕೀಳಬೇಕು. ಇವತ್ತು ಅರ್ಜಿ ಹಾಕಿ ಎಂಟು ತಿಂಗಳಲ್ಲಿ ಏನೋ ಎಡವಟ್ಟಾದರೂ ಇನ್ನೊಂದು ಸಲ ಪ್ರಯತ್ನಿಸಲು ಇವರಿಗೆ ವಯಸ್ಸು ಉಳಿದಿರುತ್ತೆ. ಜೀಲಾಂಗ್ ಆಗಲೂ ಇರುತ್ತೆ, ಆ ಕಂಪನಿ ಅಲ್ಲದಿದ್ದರೆ ಇನ್ನೊಂದು. ಮೊದಲು 494 ತಗೊಂಡರೆ ಮಾತ್ರ 186ರ ಬಾಗಿಲು ಮುಚ್ಚುತ್ತೆ. ಆದ್ದರಿಂದ ಕ್ರಮ ಮುಖ್ಯ. ಮೊದಲು ಡೈರೆಕ್ಟ್ ಎಂಟ್ರಿ ಕೇಳಿ. 2026ರ ಮಧ್ಯದವರೆಗೆ ಅದು ಆಗದಿದ್ದರೆ 494. ಅದಕ್ಕೂ ಅಸೆಸ್‌ಮೆಂಟ್ ಬೇಕು, ಇಂಗ್ಲಿಷ್ ಬೇಕು, ಹಾಗಾಗಿ ಈಗ ಮಾಡಿಸಿದ್ದು ವ್ಯರ್ಥ ಆಗಲ್ಲ.

ಟಿಆರ್‌ಟಿ ಅನ್ನು ಇವರು ಮರೆತುಬಿಡುವುದೇ ವಾಸಿ. 30ರ ವಯಸ್ಸಿನವರು ಕೇಳಿದ್ದರೆ ನಾನು ಟಿಆರ್‌ಟಿಯೇ ಹೇಳುತ್ತಿದ್ದೆ.

ಎಚ್‌ಆರ್_ಮೇಡಂ (ಅಕ್ಟೋಬರ್ 10)

ಒಂದು ಸಣ್ಣ ಎಚ್ಚರಿಕೆ. ನಡುವೆ ಯಾರಾದರೂ ಪ್ರಮೋಷನ್ ಕೊಟ್ಟು ಮ್ಯಾನೇಜರ್ ಮಾಡುತ್ತೇವೆ ಅಂದರೆ ಹಿಗ್ಗಬೇಡಿ. 482 ಸಾಫ್ಟ್‌ವೇರ್ ಇಂಜಿನಿಯರ್ ಅಂತ ಇದೆ, ಮಾಡುವ ಕೆಲಸವೂ ಅದೇ ಇರಬೇಕು. ಕೆಲಸವೇ ಬದಲಾದರೆ ಕೋಡ್ ಬದಲಾಗುತ್ತೆ, ಮತ್ತೆ ಹೊಸ ನಾಮಿನೇಷನ್ ಅಂತ ರಾಮಾಯಣ. ಸಂಬಳ ಜಾಸ್ತಿ ಮಾಡಿ, ಹುದ್ದೆ ಆಮೇಲೆ ನೋಡೋಣ ಅನ್ನಿ.

ಮತ್ತೆ ಇಷ್ಟೆಲ್ಲ ನಾವು ಹೇಳಿದ್ದೇವೆ ಅಂತ ನಮ್ಮನ್ನೇ ನಂಬಿ ಅರ್ಜಿ ಹಾಕಬೇಡಿ. ಮಾರಾ ನಂಬರ್ ಇರುವ, ಅಂದರೆ ಸರ್ಕಾರದಲ್ಲಿ ನೋಂದಾಯಿಸಿದ ವೀಸಾ ಏಜೆಂಟ್ ಹತ್ತಿರ ಒಂದು ಸಲ ಕೂತು ಆ ಪೇಸ್ಲಿಪ್‌ಗಳನ್ನು ತೋರಿಸಿ.

ಟಾರ್ನೀಟ್‌ವಾಸಿ (ನವೆಂಬರ್ 18)

ಆರು ವಾರ ಆಯಿತು, ಏನಾಯ್ತು ಅಂತ ಹೇಳದೆ ಮಾಯವಾಗುವವರ ಸಾಲಿಗೆ ನಾನು ಸೇರಬಾರದು ಅಂತ ಬಂದೆ.

ಒಂದು ಪುಟ ಬರೆದು ಮ್ಯಾನೇಜರಿಗೆ ಕೊಟ್ಟೆ. ಅವರು ಓದಿ, "ಸಂಬಳವಿಲ್ಲದ ರಜೆ ಕೊಟ್ಟು ನಾನೇ ನಿನಗೆ ಹಾಳು ಮಾಡಿದೆನಾ" ಅಂತ ಬೇಜಾರು ಮಾಡಿಕೊಂಡರು. ನಾನೇ ಸಮಾಧಾನ ಹೇಳಬೇಕಾಯ್ತು. ಎಚ್‌ಆರ್ ಮೊದಲು ಆಗಲ್ಲ ಅಂದರು, ಆಮೇಲೆ ನೋಡೋಣ ಅಂದರು, ಹೋದ ಶುಕ್ರವಾರ ಅಸೆಸ್‌ಮೆಂಟ್ ಬಂದರೆ ಡೈರೆಕ್ಟ್ ಎಂಟ್ರಿ ನಾಮಿನೇಷನ್ ಹಾಕುತ್ತೇವೆ ಅಂತ ಇಮೇಲ್‌ನಲ್ಲಿ ಬರೆದುಕೊಟ್ಟಿದ್ದಾರೆ. ಜೀಲಾಂಗ್‌ನವರಿಗೆ ಸದ್ಯಕ್ಕೆ ಬೇಡ ಅಂದೆ. ಪಿಟಿಇ ಬರೆದೆ, ಪಾಸಾಯ್ತು.

ಆರ್‌ಪಿಎಲ್ ವರದಿ ಬರೆಯುವುದಕ್ಕೆ ಮಾತ್ರ ಹದಿನೈದು ರಾತ್ರಿ ಹಿಡಿಯಿತು. 18 ವರ್ಷ ಏನು ಮಾಡಿದೆ ಅಂತ ನೆನಪಿಸಿಕೊಂಡು ಬರೆಯುವಾಗ, ಅರ್ಧದಷ್ಟು ಕಾಲ ಮೀಟಿಂಗ್‌ನಲ್ಲೇ ಕಳೆದಿದ್ದೇನೆ ಅಂತ ಗೊತ್ತಾಯ್ತು.

ಈಗ ಹೊಸ ತೊಡಕು. ಎಸ್ಸೆಸ್ಸೆಲ್ಸಿಯಿಂದ ಬಿಇವರೆಗೆ ಮಾರ್ಕ್ಸ್ ಕಾರ್ಡ್‌ಗಳಲ್ಲಿ ನನ್ನ ಹೆಸರಿನ ಮುಂದೆ ಎರಡು ಇನಿಷಿಯಲ್, ಊರಿನದ್ದು ಒಂದು, ಅಪ್ಪನದ್ದು ಒಂದು. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರು ಪೂರ್ತಿ ಇದೆ, ಊರಿನ ಹೆಸರೇ ಇಲ್ಲ. ಒಂದು ಕಂಪನಿಯ ಪತ್ರದಲ್ಲಿ ಮೂರನೇ ಥರ ಇದೆ. ಇದಕ್ಕೆ ಊರಿಗೆ ಹೋಗಿ ಅಫಿಡವಿಟ್ ಮಾಡಿಸಬೇಕಾ? ಮತ್ತೆ ರಜೆ ಹಾಕುವ ಧೈರ್ಯ ನನಗಿಲ್ಲ.

ತಿಪಟೂರಿನ_ತೆಂಗು (ನವೆಂಬರ್ 18)

ಹ್ಹಹ್ಹ, ಕರ್ನಾಟಕದವರ ರಾಷ್ಟ್ರೀಯ ಸಮಸ್ಯೆ. ಊರಿಗೆ ಹೋಗಬೇಡಿ. ಈ ಮೂರೂ ಹೆಸರು ನನ್ನದೇ ಅಂತ ಇಲ್ಲೇ ಕಾಮನ್‌ವೆಲ್ತ್ ಸ್ಟ್ಯಾಟ್ಯುಟರಿ ಡಿಕ್ಲರೇಷನ್ ಮಾಡಿ. ವೀಸಾ ಅರ್ಜಿಯಲ್ಲಿ ಬೇರೆ ಹೆಸರುಗಳು ಅಂತ ಒಂದು ಕಡೆ ಕೇಳುತ್ತಾರೆ, ಅಲ್ಲಿ ಮೂರನ್ನೂ ಹಾಕಿ, ಮುಚ್ಚಿಡಬೇಡಿ. ಸಾಕ್ಷಿಗೆ ವಕೀಲರನ್ನು ಹುಡುಕಬೇಕಾಗಿಲ್ಲ, ನಿಮ್ಮ ಬೀದಿಯ ಮೆಡಿಕಲ್ ಶಾಪಿನಲ್ಲಿರುವ ಫಾರ್ಮಸಿಸ್ಟ್ ಸಹಿ ಮಾಡಿದರೆ ನಡೆಯುತ್ತೆ.

ಟಾರ್ನೀಟ್‌ವಾಸಿ (ನವೆಂಬರ್ 19)

ಮಾಡಿಸಿದೆ. ಹತ್ತು ನಿಮಿಷ, ದುಡ್ಡೂ ಕೇಳಲಿಲ್ಲ. ಮಾತ್ರೆ ಕೊಡುವವರು ಸಹಿ ಹಾಕಿದರು ಅಂತ ಫೋನಿನಲ್ಲಿ ಅಮ್ಮನಿಗೆ ಹೇಳಿದರೆ, "ಸೀಲು ಸರಿಯಾಗಿ ಬಿದ್ದಿದೆಯಾ ನೋಡು" ಅಂತಿದ್ದಾರೆ.